ಸದ್ದಿಲ್ಲದೆ ಇಳಿದವಳು

ಡ್ರಿಲ್ ಮೇಷ್ಟ್ರು ಇಪ್ಪತ್ತಾರು ವರ್ಷ ಮಕ್ಕಳಿಗೆ ಜಿಗಿಯುವುದನ್ನು ಕಲಿಸಿದ್ದು ಕಣ್ಣು ಮುಚ್ಚಿಕೊಂಡು. ಬೈಗುಳಕ್ಕೆ ಹೇಳಿದ ಮಾತಲ್ಲ, ನಿಜವಾಗಿಯೂ ಮುಚ್ಚಿಕೊಳ್ಳುತ್ತಿದ್ದರು. ಶಾಲೆಯ ಹಳೆಯ ಹಾಲ್‌ನಲ್ಲಿ ಹಲಗೆಯ ನೆಲ. ಮಕ್ಕಳು ಕುರ್ಚಿಯ ಮೇಲೆ ಕೂರುವವರ ಹಾಗೆ ಅರ್ಧ ಕೂತು, ಕೈ ಬೀಸಿ ಮೇಲಕ್ಕೆ ಚಿಮ್ಮಿ ಇಳಿಯಬೇಕು. ಮೇಷ್ಟ್ರು ಗೋಡೆಗೆ ಒರಗಿ ಕಿವಿಗೊಟ್ಟು ನಿಲ್ಲುತ್ತಿದ್ದರು. ದಬ್ಬೆಂದರೆ ತಪ್ಪು. ಮುಂಗಾಲಿನ ಮೇಲೆ ಇಳಿದು, ಮಂಡಿ ಮಡಿಸಿ, ಹಿಮ್ಮಡಿಯನ್ನು ಮೆಲ್ಲಗೆ ಊರಿದರೆ ಸದ್ದೇ ಬಾರದು. "ಮೂರನೇ ಸಾಲು, ಏನಮ್ಮಾ, ಮೂಟೆ ಇಳಿಸ್ತಿದೀಯಾ?" ಎಂದು ಕಣ್ಣು ತೆರೆಯದೆಯೇ ಕೇಳಿದರೆ ಹಾಲ್ ತುಂಬ ನಗು. ಬೇರೆ ಶಾಲೆಯವರೂ ಈ ಚಮತ್ಕಾರ ನೋಡಲು ಬರುತ್ತಿದ್ದರು. ಮೇಷ್ಟ್ರಿಗೆ ಆಗ ಹೆಮ್ಮೆಯಲ್ಲಿ ನೆಲವೇ ಕಾಣುತ್ತಿರಲಿಲ್ಲ.

ಅವರ ಮಗಳು ಇಳಿದರಂತೂ ಉಸಿರಿನಷ್ಟೂ ಸದ್ದಿಲ್ಲ. ವಾಲಿಬಾಲ್ ತಂಡದ ಆಯ್ಕೆ ಹತ್ತಿರ ಬಂದಿತ್ತು. ಆ ವರ್ಷ ತಪ್ಪಿದರೆ ವಯಸ್ಸು ಮೀರಿ ಬಾಗಿಲು ಮುಚ್ಚುತ್ತಿತ್ತು. ದಿನಾ ಸಂಜೆ ಅಪ್ಪನೇ ಅಭ್ಯಾಸ ಮಾಡಿಸುತ್ತಿದ್ದರು. ಒಮ್ಮೆ ಹೆಂಡತಿ ಬಂದು ನೋಡಿದಳು.

"ರೀ, ಇಳಿಯೋವಾಗ ಇವಳ ಮಂಡಿ ಎರಡೂ ಒಳಗಡೆ ವಾಲ್ತವೆ."

"ಸದ್ದು ಬಂತಾ?"

"ಇಲ್ಲ."

"ಹಾಗಿದ್ರೆ ಸುಮ್ನಿರು. ನಿಂಗೇನು ಗೊತ್ತು?"

"ನಂಗೇನೂ ಗೊತ್ತಿಲ್ಲಪ್ಪ. ಕಂಡಿದ್ದು ಹೇಳ್ದೆ" ಎಂದು ಅವಳು ಎದ್ದು ಹೋದಳು.

ಹೆಂಡತಿಯ ಮೇಲಿನ ಸಿಟ್ಟಿಗೋ ಏನೋ, ಮಗಳು "ಅಪ್ಪಾ, ಎಡಗಡೆ ಮಂಡಿ ನೋಯ್ತಿದೆ" ಎಂದಾಗಲೂ "ಇನ್ನೊಂದು ಹತ್ತು ಹಾಕು, ಸರಿಹೋಗುತ್ತೆ" ಎಂದುಬಿಟ್ಟರು. ನೋವಾದರೆ ನಿಲ್ಲಿಸಿ ಎಂದು ಊರ ಮಕ್ಕಳಿಗೆಲ್ಲ ಗಂಟಲು ಹರಿದುಕೊಂಡು ಹೇಳಿದ ಮನುಷ್ಯ! ಹೊಟ್ಟೆ ಉರಿಯುವುದು ಇಂಥದಕ್ಕೇ.

ಆಯ್ಕೆಗೆ ಒಂಬತ್ತು ದಿನವಿತ್ತು. ಮಗಳು ಚಿಮ್ಮಿ ಇಳಿದಳು. ಎಂದಿನಂತೆ ಸದ್ದಿಲ್ಲ. "ಭೇಷ್" ಎನ್ನುವಷ್ಟರಲ್ಲಿ ಚೀರಾಟ ಕೇಳಿಸಿತು. ಕಣ್ಣು ತೆರೆದರೆ ಅವಳು ಮಂಡಿ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದಳು. ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು, ಆಯ್ಕೆ ಮುಗಿಯಿತು, ಆ ತಂಡದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಾಲ್ಕು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅರ್ಧ ಕೂರಿಸಿದಳು. ಮೇಷ್ಟ್ರು ಹಿಂದೆ ಬಾಗಿಲ ಬಳಿ ಕೂತಿದ್ದರು.

"ಮಂಡಿ ಕಾಲ್ಬೆರಳಿನ ನೇರಕ್ಕೇ ಇರ್ಬೇಕು, ಒಳಗೆ ವಾಲಬಾರದು. ಇದನ್ನ ಸರಿ ಮಾಡ್ದೆ ಜಿಗೀಲೇಬಾರದಿತ್ತು. ಯಾರು ಕಲಿಸಿದ್ದು ನಿಮಗೆ?"

"ಯಾರೂ ಇಲ್ಲ. ನಾನೇ ಕಲಿತೆ" ಎಂದಳು ಮಗಳು.

"ಅಯ್ಯೋ, ಪಕ್ಕದಲ್ಲಿ ನಿಂತು ನೋಡೋರು ಒಬ್ರೂ ಇರ್ಲಿಲ್ವಾ?"

ನಾನಿದ್ದೆ ಎನ್ನಲು ಮೇಷ್ಟ್ರಿಗೆ ಎಷ್ಟು ಹೊತ್ತು ಬೇಕು? ಮಗಳು ಕನ್ನಡಿಯಲ್ಲಿ ಅಪ್ಪನ ಮುಖವನ್ನೇ ನೋಡುತ್ತ ಒಂದು ಗಳಿಗೆ ಕಾದಳು.

"ಇಲ್ಲ" ಎಂದಳು ಆಮೇಲೆ.