ಹೆಣ್ಣ್ ಕೇಂತಿಲ್ಲೆ

ಆ ಎರಡು ಮಾತು ಕಿವಿಗೆ ಬಿದ್ದು ಹನ್ನೊಂದು ದಿನವಾಗಿತ್ತು. ಗಂಜಿ ಬಸಿಯುವಾಗ, ಬಟ್ಟೆ ಹಿಂಡುವಾಗ, ಮಗುವಿನ ಬಾಯಿಗೆ ರಾಗಿಸರಿ ಇಡುವಾಗ ವಿನಯಾಳ ತಲೆಯೊಳಗೆ ಅವೇ ಗಿರಕಿ ಹೊಡೆಯುತ್ತಿದ್ದವು: ಹೆಣ್ಣ್ ಕೇಂತಿಲ್ಲೆ.

ಹೇಳಿದವರು ಮಾವ ಪ್ರೇಮಾನಂದ. ಅವಳಿಗೆ ಹೇಳಿದ್ದಲ್ಲ. ಚಾ ಕೊಡಲೆಂದು ಅವಳು ಹಿತ್ತಲಿನ ಹಟ್ಟಿಯ ಬಾಗಿಲಿಗೆ ಹೋದಾಗ ಅವರು ಬೆನ್ನು ಹಾಕಿ ಕೂತು, ಗಂಗೊಳ್ಳಿಯ ಹಳೇ ಸ್ನೇಹಿತ ಗುಣಪಾಲನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು.

"ಹೆಣ್ಣ್ ಕೇಂತಿಲ್ಲೆ ಮಾರಾಯ. ಎಡ ಬದಿಯೂ ಕಂಡೆ, ಬಲ ಬದಿಯೂ ಕಂಡೆ. ಇಲ್ಲೆ ಅಂದ್ರೆ ಇಲ್ಲೆ. ಮನ್ಯಂಗೆ ಹೇಳ್ಲಿಲ್ಲೆ. ಹೇಳ್ರೆ ರಾಮಾಯಣ ಆತ್ತ್."

ಚಾ ಲೋಟವನ್ನು ಮೆಟ್ಟಿಲ ಮೇಲಿಟ್ಟು ಅವಳು ಸದ್ದಿಲ್ಲದೆ ಹಿಂದೆ ಬಂದಿದ್ದಳು.

ಕೇಂತಿಲ್ಲೆ ಎಂದರೆ ಕೇಳಿಸುತ್ತಿಲ್ಲ; 'ಹೆಣ್ಣಿಗೆ' ಎನ್ನದೆ 'ಹೆಣ್ಣ್' ಎಂದದ್ದು ಈ ಊರಿನ ಮಾತಿನ ರೀತಿ ಎಂದುಕೊಂಡಳು. ಉಪ್ಪುಂದದ ಆ ಮನೆಯಲ್ಲಿ ಹೆಣ್ಣು ಎಂದರೆ ಒಂದೇ, ಒಂಬತ್ತು ತಿಂಗಳ ಧನ್ಯಶ್ರೀ. ಹೆಸರಿಟ್ಟ ದಿನ ಬಿಟ್ಟರೆ ಆ ಹೆಸರನ್ನು ಯಾರೂ ಬಾಯಿಗೆ ತಂದದ್ದಿಲ್ಲ. 'ಹೆಣ್ಣ್ ಎದ್ದಿತಾ', 'ಹೆಣ್ಣಿಗೆ ಹಲ್ಲ್ ಬಂತಾ' ಎಂದೇ ಎಲ್ಲರ ವಿಚಾರಣೆ. ಮೈಸೂರಿನಲ್ಲಿ ಹುಟ್ಟಿ ಓದಿ ಬೆಳೆದ ವಿನಯಾಳಿಗೆ ಅದಕ್ಕೆ ಒಗ್ಗಿಕೊಳ್ಳಲು ಮೂರು ತಿಂಗಳು ಹಿಡಿದಿತ್ತು. ಈಗ ಆ ಮುದ್ದಿನ ಮಾತೇ ಮುಳ್ಳಾಗಿ ಕೂತಿತು.

ಗಂಡ ಯೋಗೀಶನಿಗೆ ಹೇಳಿ ನೋಡಿದಳು. ಬೆಳಗಿನ ಮೂರಕ್ಕೆ ಎದ್ದು ಬಂದರಿಗೆ ಹೋಗಿ ಮೀನು ಹರಾಜು ಮುಗಿಸಿ ಬರುವವನು ಅವನು. ಅರ್ಧ ನಿದ್ದೆಯಲ್ಲೇ, "ಅಪ್ಪಯ್ಯ ಬೇರೆ ಎಂತದೋ ಹೇಳಿರ್ತ್ರ್. ಹೆಣ್ಣಿಗೆ ಎಂತ ಆಯ್ಲಿಲ್ಲೆ, ನೀ ಸುಮ್ನೆ ತಲಿ ಕೆಡಿಸ್ಕಬೇಡ" ಎಂದು ಮಗ್ಗುಲು ಬದಲಿಸಿದ.

ಸುಮ್ಮನೆ ಇರಲು ಅವಳಿಗೆ ಬರುತ್ತಿರಲಿಲ್ಲ. ಮಗುವಿನ ಬೆನ್ನ ಹಿಂದೆ ಪಾತ್ರೆಯ ಮುಚ್ಚಳ ಬೀಳಿಸಿದಳು. ಮಗು ಬೆಚ್ಚಿ ತಿರುಗಿತು. ಅಬ್ಬ! ಮತ್ತೆ ಬೀಳಿಸಿದಳು. ಈ ಸಲ ಕಾಲಿನ ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡಿದ್ದ ಮಗು ಕಣ್ಣನ್ನೂ ಮಿಟುಕಿಸಲಿಲ್ಲ. ಮೊದಲ ಸಲ ತಿರುಗಿದ್ದು ಸದ್ದಿಗೋ, ನೆಲ ಅದುರಿದ್ದಕ್ಕೋ? ಚಪ್ಪಾಳೆ ತಟ್ಟಿದರೆ ನಕ್ಕಿತು. ಪಿಸುಗುಟ್ಟಿದರೆ ಗೋಡೆ ನೋಡಿತು. ಪರೀಕ್ಷೆ ಹೆಚ್ಚಿದಷ್ಟೂ ಗೊಂದಲ ಹೆಚ್ಚಿತು. ಲಸಿಕೆ ಹಾಕುವ ಸಿಸ್ಟರ್ ಹತ್ತಿರ ಕುಂದಾಪುರದ ಕಿವಿ ಪರೀಕ್ಷೆಯ ನಂಬರ್ ಇಸಕೊಂಡು, ಮೊಬೈಲಿನಲ್ಲಿ 'ಕಿವಿ' ಎಂದು ಬರೆದಿಟ್ಟಳು. ನಾಲ್ಕು ಸಲ ಒತ್ತಿದ್ದಳು, ನಾಲ್ಕು ಸಲವೂ ರಿಂಗ್ ಆಗುವ ಮೊದಲೇ ಕತ್ತರಿಸಿದ್ದಳು. ಕೇಳಿಬಿಟ್ಟರೆ ನಿಜವಾಗಿಬಿಡುತ್ತದೆ ಎಂಬ ಭಯ.

ಜೊತೆಗೆ ಇನ್ನೊಂದು ಅನುಮಾನವೂ ಹುಟ್ಟಿತ್ತು. ಇದೆಲ್ಲ ಆ ಹಟ್ಟಿಯಿಂದಲೇ ಬಂದದ್ದೇ?

ಹಟ್ಟಿಯಲ್ಲಿ ದನ ಇಲ್ಲದೆ ಹದಿನೈದು ವರ್ಷವಾಗಿತ್ತು. ಮೂವತ್ತೆರಡು ವರ್ಷ ಬೋಟಿನ ಇಂಜಿನ್ ಡ್ರೈವರ್ ಆಗಿದ್ದ ಪ್ರೇಮಾನಂದ ಕಡಲು ಬಿಟ್ಟ ಮರುದಿನವೇ ಅಲ್ಲಿ ಕೂತವರು. ಕೆಟ್ಟುಹೋದ ಮಿಕ್ಸಿಯ ಮೋಟರಿನಿಂದ ಸಾಣೆ ಚಕ್ರ ಮಾಡಿಕೊಂಡರು. ಸೈಕಲ್ಲಿನ ಮುಂದಿನ ಫೋರ್ಕು ಕೊಯ್ದು ಡ್ರಿಲ್ ನಿಲ್ಲಿಸುವ ಸ್ಟ್ಯಾಂಡ್ ಮಾಡಿದರು. ಬೆಸುಗೆ ಹಾಕುವ ಕಾದ ಕಡ್ಡಿ ಒರಗಿಸಲು ಅರ್ಧ ತೆಂಗಿನ ಗೆರಟೆ. ಆಂಪ್ಲಿಫಯರಿಗೆ ಬಿಸ್ಕತ್ತಿನ ಡಬ್ಬಿಯೇ ಮೈ. ಕೊಂಡ ಸಾಮಾನು ಅವರಿಗೆ ಸೇರದು, "ಅಂಗ್ಡಿಯಂಗೆ ಸಿಕ್ಕುದ್ ಯಾರ್ ಬೇಕಾರೂ ತಕಂಡ್ ಬತ್ರ್, ಅದ್ರಂಗೆ ಎಂತ ಇತ್ತ್?" ಎನ್ನುವರು.

ಮೊಮ್ಮಗಳು ಹುಟ್ಟಿದ ಮೇಲೆ ಹುರುಪು ಹೆಚ್ಚಿತು. ತೊಟ್ಟಿಲ ಮೇಲೊಂದು ಮೈಕು, ಅಡುಗೆಮನೆಯಲ್ಲೊಂದು ಸ್ಪೀಕರು. ತೊಟ್ಟಿಲಿನಲ್ಲಿ ಮಗು ಕೊಸರಿದರೆ ಸಾರು ಕುದಿಯುವಲ್ಲಿ ಕೇಳುತ್ತಿತ್ತು. ಹಳೇ ಮೊಬೈಲಿನ ಕ್ಯಾಮೆರಾವನ್ನು ಮೂಲೆಗೆ ಬಿಗಿದು ಟಿವಿಗೆ ಜೋಡಿಸಿದ್ದರು. ಅತ್ತೆ ಕುಸುಮ ಮೀನು ಕೊಯ್ಯುತ್ತಲೇ, "ಹ್ವಾಯ್, ಹೆಣ್ಣ್ ಟಿವಿಯಂಗೆ ಬಂತ್ ಕಾಣಿ!" ಎಂದು ಕೂಗುವರು. ಆಗೆಲ್ಲ ಚಂದವೆನಿಸಿದ್ದು ಈಗ ವಿನಯಾಳಿಗೆ ಹೆದರಿಕೆ ತಂದಿತು. ಹಟ್ಟಿಯಲ್ಲಿ ಅಷ್ಟು ಜೋರಾಗಿ ಯಕ್ಷಗಾನದ ಕ್ಯಾಸೆಟ್ ಹಾಕುತ್ತಿದ್ದರಲ್ಲ, ಮಗುವಿನ ಎಳೆ ಕಿವಿಗೆ ಅದೇ ಪೆಟ್ಟಾಯಿತೇ? ತಮ್ಮ ತಪ್ಪು ಗೊತ್ತಾಗಿಯೇ ಮಾವ ಮನೆಯಲ್ಲಿ ಹೇಳದೆ ಬಚ್ಚಿಡುತ್ತಿರುವುದೇ?

ಒಂದೊಂದಾಗಿ ನೆನಪುಗಳೂ ಸಾಕ್ಷಿಗೆ ಬಂದು ನಿಂತವು. ಬೈಂದೂರಿನಿಂದ ತಂದ ಬೆಳ್ಳಿ ಗೆಜ್ಜೆಯನ್ನು ಮಗುವಿನ ಕಾಲಿಗೆ ತೊಡಿಸಿದ ದಿನ ಮಾವ ಬಗ್ಗಿ ಆಲಿಸಿ, "ಇದ್ ಮೂಗಿ ಗೆಜ್ಜೆ. ಒಳಗೆ ಕಾಳೇ ಇಲ್ಲೆ. ಆಚಾರಿ ಮೋಸ ಮಾಡಿದ" ಎಂದಿದ್ದರು. ಗೆಜ್ಜೆ ಘಲ್ಲೆನ್ನುತ್ತಿತ್ತು. ಮಾವ ತಮಾಷೆ ಮಾಡುತ್ತಿದ್ದಾರೆ ಎಂದು ಅವಳು ನಕ್ಕಿದ್ದಳು. ಅಥವಾ ಅವರು ಮಗುವಿನ ಬಗ್ಗೆಯೇ ಏನನ್ನೋ ಸೂಚಿಸಿದ್ದರೇ?

ಹನ್ನೊಂದನೆಯ ದಿನ, ಬೆಳಗಿನ ಹತ್ತರ ಹೊತ್ತಿಗೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ಹಟ್ಟಿಗೆ ನಡೆದೇಬಿಟ್ಟಳು. ಪ್ರೇಮಾನಂದ ಕನ್ನಡಕ ಮೂಗಿನ ತುದಿಗೆ ಜಾರಿಸಿ ಒಂದು ಸ್ಪೀಕರ್ ಪೆಟ್ಟಿಗೆಗೆ ತಿರುಪು ಹಾಕುತ್ತಿದ್ದರು.

"ಮಾವ, ನಂಗೆ ನಿಜ ಹೇಳಿ. ನೀವು ಗುಣಪಾಲಣ್ಣನ ಹತ್ರ ಹೇಳಿದ್ದು ಕೇಳಿಸ್ಕೊಂಡೆ. 'ಹೆಣ್ಣ್ ಕೇಂತಿಲ್ಲೆ' ಅಂದ್ರಲ್ಲ, ಸ್ವಲ್ಪಾನೂ ಇಲ್ವಾ?"

"ಇಲ್ಲೆ," ಎಂದರು ಅವರು, ತಲೆಯೆತ್ತದೆ.

ಇಷ್ಟು ಸಲೀಸಾಗಿ!

"ಎಷ್ಟ್ ಮಾಡ್ರೂ ಇಲ್ಲೆ. ಗಂಡ್ ಸಮಾ ಕೇಂತ್, ಹೆಣ್ಣ್ ಮಾತ್ರ ಇಲ್ಲೆ. ನಿಲ್ಲ್, ನೀನೇ ಕಾಣ್." ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಿದರು. ಅಡಿಯಲ್ಲಿ ತಟ್ಟೆಯಗಲದ ಸ್ಪೀಕರು, ಮೇಲೆ ಬಿಸ್ಕತ್ತಿನಷ್ಟು ಚಿಕ್ಕದೊಂದು. "ಇದ್ ಗಂಡ್, ಚೆಂಡೆ ಮದ್ದಳೆ ಇವಂದ್. ಇದ್ ಹೆಣ್ಣ್, ತಾಳ, ಜಾಗಟೆ, ಎತ್ತರದ ಸ್ವರ ಪೂರಾ ಇವ್ಳ್ದ್. ಮೂರ್ ವರ್ಷದಂಗೆ ಒಂಬತ್ತ್ ಹೆಣ್ಣ್ ತಂದೆ. ಒಂದೂ ಬಾಯಿ ಬಿಡುದಿಲ್ಲೆ. ನಿನ್ನ ಅತ್ತೆಗೆ ಗೊತ್ತಾದ್ರೆ ಹಟ್ಟಿಗೆ ಬೀಗ ಹಾಕ್ತ್."

ವಿನಯಾ ಬಾಯಿ ತೆರೆದು ನಿಂತಳು. ಹನ್ನೊಂದು ದಿನದ ಭಾರ ಒಮ್ಮೆಗೇ ಇಳಿದು, ನಗಬೇಕೋ ಅಳಬೇಕೋ ತಿಳಿಯದೆ ಮಗುವಿನ ನೆತ್ತಿಗೆ ಮುಖ ಒತ್ತಿದಳು. ಸ್ಪೀಕರು! ಇವರು ಹೇಳಿದ ಹೆಣ್ಣು ಸ್ಪೀಕರು!

ಮಾವ ಗಂಡಿನ ತಂತಿ ಬಿಚ್ಚಿ, ಹೆಣ್ಣೊಂದನ್ನೇ ಉಳಿಸಿ, ಕ್ಯಾಸೆಟ್ ಒತ್ತಿದರು.

ಝಣ್ ಝಣ್ ಝಣ್ ಎಂದು ತಾಳ ಹಟ್ಟಿಯ ತುಂಬ ಸಿಡಿಯಿತು. ವಿನಯಾಳ ಹಲ್ಲು ಚುಳ್ಳೆಂದಿತು. ಮಗು ಗಕ್ಕನೆ ಕತ್ತು ತಿರುಗಿಸಿ ಪೆಟ್ಟಿಗೆಯನ್ನು ನೋಡಿತು.

ಪ್ರೇಮಾನಂದ ತಲೆ ಓರೆ ಮಾಡಿ ಆಲಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಕಂಡ್ಯಾ? ಸತ್ತ್ ಹೋಯ್ತ್ ಇದೂ."

"ಮಾವ… ಕೇಳ್ತಾ ಇದೆಯಲ್ಲ."

"ಎಂತ ಕೇಂತ್?"

"ತಾಳ. ಜೋರಾಗಿ ಕೇಳ್ತಾ ಇದೆ."

"ಗಂಡಿನ ತಂತಿ ತೆಗ್ದಿದೆ ಮಾರಾಯ್ತಿ. ಎಲ್ಲಿಂದ ಕೇಂತ್ ನಿಂಗೆ?" ಅವರು ನಕ್ಕರು. ನಗುತ್ತಲೇ ಅವಳ ಮುಖ ನೋಡಿದರು, ಮಗುವಿನ ಮುಖ ನೋಡಿದರು. ನಗು ಅರ್ಧಕ್ಕೆ ನಿಂತಿತು.

ಮೇಜಿನ ಕೆಳಗಿನಿಂದ ಒಂದು ಡಬ್ಬಿ ಎಳೆದರು. ಅದರಲ್ಲಿ ಉಳಿದ ಎಂಟು ಸತ್ತ ಹೆಣ್ಣುಗಳು. ಮಾತಿಲ್ಲದೆ ಒಂದನ್ನು ತಂತಿಗೆ ಸಿಕ್ಕಿಸಿದರು. ಝಣ್! ಮಗು ತಿರುಗಿತು. ತೆಗೆದು ಇನ್ನೊಂದು ಸಿಕ್ಕಿಸಿ, ಅದನ್ನು ಮಗುವಿನ ಇನ್ನೊಂದು ಬದಿಗೆ ಹಿಡಿದರು. ಮಗು ಆ ಬದಿಗೂ ತಿರುಗಿತು. ಮೂರನೆಯದಕ್ಕೆ ಕೇಕೆ ಹಾಕಿತು. ಈಗ ಅವರು ಸ್ಪೀಕರಿನ ಕಡೆ ನೋಡುತ್ತಲೇ ಇರಲಿಲ್ಲ, ಮಗುವಿನ ಕತ್ತನ್ನು ಮಾತ್ರ ನೋಡುತ್ತಿದ್ದರು. ಎಂಟೂ ಮುಗಿದವು. ಎಂಟೂ ಬದುಕಿದ್ದವು.

"ಮೀಟರ್ ಸಮ ಇತ್ತ್ ಅಂದೇ ಹೇಳ್ತಿತ್ತ್," ಎಂದರು ಕೊನೆಗೆ, ತಂತಿ ಪರೀಕ್ಷಿಸುವ ಮೀಟರನ್ನು ಬದಿಗೆ ಸರಿಸಿ. "ನಾನ್ ನಂಬ್ಲಿಲ್ಲೆ. ಮೀಟರಿಗೆ ಕೆಮಿ ಇತ್ತಾ, ನಂಗಿತ್ತ್ ಅಂದೇಳಿ." ಅವರ ಬೆರಳು ತಮ್ಮ ಕಿವಿಯ ಮೇಲಿತ್ತು.

ಹಾಗಾದರೆ ಕೇಂತಿಲ್ಲೆ ಎಂಬುದು ಯಾರ ದೋಷ? ಪೆಟ್ಟಿಗೆಯ ಹೆಣ್ಣಿನದೂ ಅಲ್ಲ, ಮನೆಯ ಹೆಣ್ಣಿನದೂ ಅಲ್ಲ. ಮೂವತ್ತೆರಡು ವರ್ಷ ಇಂಜಿನ್ನಿನ ಮಗ್ಗುಲಲ್ಲಿ ಕೂತ ಮಾವನ ಕಿವಿಯದು. 'ಅವ್ರಿಗ್ ಬೇಕಾದ್ ಕೇಂತ್, ಬ್ಯಾಡದ್ ಕೇಂತಿಲ್ಲೆ' ಎಂದು ಅತ್ತೆ ದಿನಾ ಗೇಲಿ ಮಾಡುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಪ್ರೇಮಾನಂದ ಬಗ್ಗಿ ಮಗುವಿನ ಕಾಲನ್ನು ಮೆಲ್ಲಗೆ ಅಲ್ಲಾಡಿಸಿದರು. "ಈ ಗೆಜ್ಜೆ?"

"ಕೇಳುತ್ತೆ ಮಾವ."

"ಕಾಳ್ ಇತ್ತಾ ಹಾಂಗಾರೆ." ಮಗುವಿನ ಕಾಲು ಬಿಟ್ಟು ನೆಟ್ಟಗೆ ನಿಂತರು. "ಆ ಆಚಾರಿಗೆ ಸುಮ್ನೆ ಬೈದೆ ಕಾಣ್."

ಅಂದೇ ಹಟ್ಟಿಯ ಬಾಗಿಲು ಮುಚ್ಚಿತು. ಮರುದಿನವೂ ತೆರೆಯಲಿಲ್ಲ. ಅವರು ಜಗಲಿಯಲ್ಲಿ ಕೂತು ಪೇಪರಿನ ಒಂದೇ ಪುಟ ಓದಿದರು. ಮೂರನೆಯ ದಿನ ತೊಟ್ಟಿಲ ಮೈಕು ಕೊರಕೊರ ಎನ್ನತೊಡಗಿತು.

"ಹ್ವಾಯ್, ನಿಮ್ಮ ಮಿಶಿನ್ ಕೆಮ್ಮತ್ತ್, ಬಂದ್ ಕಾಣಿ!" ಕುಸುಮ ಒಳಗಿನಿಂದ ಕೂಗಿದರು.

"ಪ್ಯಾಟಿಯಂಗೆ ಹೊಸ್ತ್ ಸಿಕ್ಕತ್ತ್, ತಕಣಿ."

ಕುಸುಮ ಕತ್ತಿ ಹಿಡಿದೇ ಹೊರಗೆ ಬಂದರು. "ಎಂತ ಆಯ್ತ್ ಇವ್ರಿಗೆ? ಅಂಗ್ಡಿ ಸಾಮಾನ್ ತಕಣಿ ಅಂಬ್ರ್!"

ಅತ್ತೆಗೆ ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ಅವರ ಹಟ್ಟಿ ಹೋಗುತ್ತದೆ ಎಂದುಕೊಂಡಳು ವಿನಯಾ. ಯಾರಿಗೂ ಹೇಳುವುದಿಲ್ಲವೆಂದು ಮಾವನಿಗೆ ಮಾತು ಕೊಟ್ಟಿರಲಿಲ್ಲ; ಆದರೆ ಅವರ ಕಣ್ಣು ಅದನ್ನೇ ಬೇಡಿತ್ತು. ಅತ್ತೆ ಒಳಗೆ ಹೋಗುವುದನ್ನೇ ಕಾದು ಅವಳು ಮಗುವನ್ನು ಮಾವನ ತೊಡೆಯ ಮೇಲೆ ಕೂರಿಸಿದಳು.

"ಮಾವ, ಕುಂದಾಪುರದಲ್ಲಿ ಕಿವಿ ಅಳೆಯೋ ಮೆಷಿನ್ ಇದೆಯಂತೆ."

ಅವರು ಪೇಪರ್ ಮಡಚಲಿಲ್ಲ.

"ಹೆಡ್‌ಫೋನ್ ಹಾಕ್ತಾರಂತೆ. ಒಂದೊಂದೇ ಸ್ವರ, ಕೆಳಗಿಂದ ಮೇಲಿನವರೆಗೆ ಬಿಡ್ತಾರಂತೆ. ಯಾವ ಸ್ವರ ಕೇಳುತ್ತೆ, ಯಾವುದು ಇಲ್ಲ ಅಂತ ಗೆರೆ ಎಳೆದು ಕೊಡ್ತಾರಂತೆ."

ಮಗು ಪೇಪರಿನ ಅಂಚನ್ನು ಚೀಪಿ ಹರಿಯಿತು.

"ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬಿಡ್ತ್ರಾ?"

"ಬೇರೆ ಬೇರೆಯೇ ಅಂತೆ."

"ಹಾಂಗಾರೆ ಒಳಗೆ ಎರಡ್ ಆಂಪ್ಲಿಫಯರ್ ಇರ್ಕ್," ಎಂದು ಅವರು ತಮ್ಮಷ್ಟಕ್ಕೇ ಗೊಣಗಿದರು. ಹರಿದ ಪೇಪರನ್ನು ಮಗುವಿನ ಬಾಯಿಂದ ತೆಗೆದರು. "ಮಿಶಿನ್ ಕಾಂಬುಕೆ ಬತ್ತೆ ನಾನ್. ಅಷ್ಟೇ. ಅತ್ತೆಗೆ ಹಾಂಗೇ ಹೇಳ್."

ವಿನಯಾ ಮೊಬೈಲ್ ತೆಗೆದಳು. ನಾಲ್ಕು ಸಲ ಕತ್ತರಿಸಿದ್ದ ಅದೇ ನಂಬರು. ಈ ಸಲ ರಿಂಗ್ ಆಗಲು ಬಿಟ್ಟಳು.

"ಹಲೋ, ಹೇಳಿ. ಯಾರಿಗೆ ಟೆಸ್ಟ್ ಆಯ್ಕ್? ಮಗುವಿಗಾ?" ಎಂದಿತು ಆ ಕಡೆಯಿಂದ ಒಂದು ಹೆಂಗಸಿನ ದನಿ.

"ಅಲ್ಲ… ನಮ್ಮ ಮಾವನಿಗೆ. ಪ್ರೇಮಾನಂದ. ಅರವತ್ತೇಳು." ಮಾವ ಕಡಲಿನ ಕಡೆ ಮುಖ ಮಾಡಿ ಕೂತಿದ್ದರು. ಮಗು ಕಾಲು ಜಾಡಿಸಿತು, ಗೆಜ್ಜೆ ಘಲ್ಲೆಂದಿತು. ಅವಳಿಗೆ ತಡೆಯಲಾಗಲಿಲ್ಲ. "ಜೊತೆಗೆ ಒಂಬತ್ತು ತಿಂಗಳ ಹೆಣ್ಣು ಮಗು ಇದೆ. ಅದಕ್ಕೂ ಒಂದ್ಸಲ ನೋಡಿಬಿಡಿ. ಏನೂ ಆಗಿಲ್ಲ… ಆದ್ರೂ."

ಪ್ರೇಮಾನಂದ ಅವಳ ಮೊಣಕೈಗೆ ತಟ್ಟಿದರು. "ಕೇಣ್ ಕೇಣ್. ಮಿಶಿನಿನ ಮುಚ್ಚಳ ತೆಗ್ದ್ ಒಳಗೆ ಕಾಂಬುಕೆ ಬಿಡ್ತ್ರಾ ಕೇಣ್."

"ಇನ್ನೊಂದು ವಿಷಯ, ಮೇಡಂ," ಎಂದಳು ವಿನಯಾ.