ಪನ್ನೀರಮ್ಮನ ಮೂರು ನೀರು

ಆಕೆಯ ಮುಖದ ತುಂಬ ಸಿಡುಬಿನ ಕುಳಿಗಳಿದ್ದವು. ಪನ್ನೀರು ಬಟ್ಟಿ ಇಳಿಸುವಾಗ ಹಂಡೆಯ ಆವಿ ತಾಕಿ ಆ ಕುಳಿಗಳಲ್ಲಿ ನೀರು ನಿಲ್ಲುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೂ ಮತ್ತೆ ತುಂಬುತ್ತಿತ್ತು. ಅಂಥ ಮುಖದವಳು ಮಳವಳ್ಳಿಯ ಹೆಣ್ಣುಮಕ್ಕಳ ಮುಖಕ್ಕೆಲ್ಲ ನೀರು ಮಾಡಿ ಕೊಡುತ್ತಿದ್ದಳು.

ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟ ಮನೆ ಆಕೆಯದು. ಗಂಡ ಬಸ್ಸು ರಿಪೇರಿಯ ಸಾಬರು. ಊರಿಗೆಲ್ಲ ಆಕೆ ಪನ್ನೀರಮ್ಮ. ಹೋದವರ ಹಣೆಗೆ ಮೊದಲು ಹಳೇ ಪತ್ರಿಕೆಯ ಚೂರೊಂದನ್ನು ಒತ್ತಿ ಬೆಳಕಿಗೆ ಹಿಡಿಯುವಳು. ಎಣ್ಣೆ ಹತ್ತಿದ್ದರೆ ಜಿಡ್ಡು ಮುಖ, ಅದಕ್ಕೆ ಲಾವಂಚದ ನೀರು. ಹತ್ತದಿದ್ದರೆ ಒಣ ಮುಖ, ಪನ್ನೀರು. ಒತ್ತಿದ ಕಡೆ ಕೆಂಪಾದರೆ ಅದು ಉರಿ ಮುಖ. ಸೌತೆಕಾಯಿ ರಸ ಬೆರೆಸಿದ ನೀರು ಬಿಟ್ಟು ಬೇರೇನೂ ಕೊಡಳು.

ಹೈಸ್ಕೂಲಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬರುತ್ತಿದ್ದ, ಮೇಷ್ಟ್ರ ಮಗಳಾದ ನನಗೆ ಇದೆಲ್ಲ ಬೂಟಾಟಿಕೆ ಅನಿಸಿತ್ತು. "ಇಷ್ಟೆಲ್ಲ ಗೊತ್ತಿರೋಳು ನಿನ್ನ ಮುಖಾನೇ ಯಾಕೆ ಸರಿ ಮಾಡ್ಕೊಂಡಿಲ್ಲ?" ಎಂದು ಕೇಳಿಯೇಬಿಟ್ಟೆ.

ಆಕೆ ನಕ್ಕಳು. "ನೀರು ಮುಖ ತೊಳೀತದೆ ಕಣವ್ವ, ಗುಂಡಿ ಮುಚ್ಚಾಕಿಲ್ಲ. ಮುಚ್ತದೆ ಅಂತ ಯಾರ್ ತಾವಾರ ಅಂದಿದ್ನಾ?"

ಅಂದಿರಲಿಲ್ಲ. ಬೆಳ್ಳಗಾಗಬೇಕೆಂದು ಬಂದವರನ್ನು "ಸುಣ್ಣ ಬಳ್ಕೊ ಓಗು" ಎಂದು ಅಟ್ಟುತ್ತಿದ್ದಳು. ಮೂರು ಮುಖ, ಮೂರು ನೀರು ಎಂಬ ಲೆಕ್ಕವನ್ನು ನಾನು ಈಗಲೂ ಒಪ್ಪುವುದಿಲ್ಲ. ಲಾವಂಚದ ನೀರಿನಿಂದ ನನ್ನ ಮೊಡವೆ ಒಂದೂ ಕಡಿಮೆಯಾಗಲಿಲ್ಲ. ಆದರೆ ಆಕೆ ಆಡದ ಮಾತನ್ನು ಖಂಡಿಸುವುದಾದರೂ ಹೇಗೆ? ಯಾರಾದರೂ ಇದರಿಂದ ಎಲ್ಲವೂ ವಾಸಿ ಎಂದರೆ, ಯಾವುದು ವಾಸಿಯಾಗುವುದಿಲ್ಲ, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ಆ ಪ್ರಶ್ನೆ ನನ್ನದಲ್ಲ, ಆಕೆಯಿಂದ ಕಲಿತದ್ದು.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲಕ್ಕೆ ಆಕೆಯ ಒಬ್ಬಳೇ ಮಗಳಿಗೆ ಮದ್ದೂರಿನ ಗಂಡು ಗೊತ್ತಾಯಿತು. ಅದೇ ಹೊತ್ತಿಗೆ ಹುಡುಗಿಯ ಕೆನ್ನೆಯಲ್ಲಿ ಬಿಳಿ ಮಚ್ಚೆಯೊಂದು ಎದ್ದಿತು. ತೊನ್ನು. ಬೇರೆಯವರ ಮಗಳಾಗಿದ್ದರೆ "ಇದು ನನ್ ಕೈಲಿಲ್ಲ" ಎಂದುಬಿಡುತ್ತಿದ್ದವಳು, ತನ್ನ ಮಗಳಿಗೆ, ತೊನ್ನಿಗೆ ಮದ್ದೆನ್ನುವ ಬಾವಂಚಿ ಬೀಜ ಅರೆದ ನೀರು ಹಚ್ಚಿ ಬಿಸಿಲಿಗೆ ಕೂರಿಸಿದಳು. ಕೆನ್ನೆ ಬೊಬ್ಬೆ ಎದ್ದಿತು, ಒಡೆದು ಕೀವಾಯಿತು. ಮಾಯುವ ಹೊತ್ತಿಗೆ ಮಚ್ಚೆಯನ್ನು ಸುಟ್ಟ ಕಲೆ ನುಂಗಿತ್ತು.

ಗಂಡಿನ ಸೋದರತ್ತೆ ಹುಡುಗಿಯನ್ನು ನೋಡಲು ಬರುವ ದಿನ ನಾನು ಅಲ್ಲೇ ಇದ್ದೆ. "ಹಂಡೆ ಆವಿ ಹೊಡೀತು ಅನ್ನು. ಸುಟ್ಟಿದ್ದು ನಿಜ ತಾನೆ? ಸುಳ್ಳು ಹೇಗಾಗುತ್ತೆ?" ಎಂದೆ.

ಮಗಳು ತಾಯಿಯ ಕೈ ಹಿಡಿದುಕೊಂಡಳು. "ಅಂಗೇ ಅನ್ನಮ್ಮ."

ಪನ್ನೀರಮ್ಮ ನನ್ನ ಕಡೆ ತಿರುಗಿದಳು. "ನೀನು ಎರಡು ಕಡೇನೂ ವಾದ ಮಾಡ್ತೀಯ ಮಗ. ಇವ್ಳು ಒಂದೇ ಕಡೆ ಬಾಳ್ಬೇಕು. ನಾಳೆ ಇನ್ನೊಂದು ಮಚ್ಚೆ ಎದ್ರೆ, ಅಲ್ಲೂ ಅಂಡೆ ಇತ್ತಾ ಅಂತ ಕೇಳಾಕಿಲ್ವಾ?"

ಸೋದರತ್ತೆ ಬಂದು ಹುಡುಗಿಯ ಗಲ್ಲ ಹಿಡಿದೆತ್ತಿ "ಇದೇನು?" ಎಂದಳು.

"ತೊನ್ನಿತ್ತು. ವಾಸಿ ಮಾಡಾಕೋಗಿ ನಾನೇ ಸುಟ್ಟೆ."

ಸೋದರತ್ತೆ ಗಲ್ಲ ಬಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಮಾಡಿಟ್ಟ ಶರಬತ್ತನ್ನು ಯಾರೂ ಕುಡಿಯಲಿಲ್ಲ.

ಸಂಬಂಧ ಮುರಿಯಿತು, ಸುದ್ದಿ ಹಬ್ಬಿತು. ತೊನ್ನಿನ ಮನೆಯ ನೀರು ಮುಖಕ್ಕೆ ಯಾರಿಗೆ ಬೇಕು? ನೀರಿಗೆ ಬರುವವರು ಬರುವುದನ್ನೇ ನಿಲ್ಲಿಸಿದರು. ಮಗಳು ತಾಯಿಯೊಡನೆ ಮಾತು ಬಿಟ್ಟಳು. ಆರಿದ ಹಂಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕೂತಿರುವುದು ನಮ್ಮ ಹಿತ್ತಲಿಗೆ ಕಾಣುತ್ತಿತ್ತು.

ನಾಲೆ ಬಂದು ನೀರು ನಿಂತಂದಿನಿಂದ ನಮ್ಮ ಸೀಮೆಗೆ ಗಂಟುಬಿದ್ದಿದ್ದ ಚಳಿಜ್ವರ ಮುಂದಿನ ಮಳೆಗಾಲದಲ್ಲಿ ಪನ್ನೀರಮ್ಮನನ್ನು ಒಯ್ದಿತು. ನಾನು ಹೋದಾಗ ಮಣ್ಣಿಗೆ ಮುಂಚೆ ಮೈ ತೊಳೆಯುವ ಹೆಂಗಸರು ಇನ್ನೂ ಬಂದಿರಲಿಲ್ಲ. ಗೂಡಿನಲ್ಲಿ ಉಳಿದಿದ್ದ ಮೂರು ಸೀಸೆಗಳ ಮುಂದೆ ಮಗಳು ನಿಂತಿದ್ದಳು. ತಾಯಿ ತನ್ನ ಮುಖಕ್ಕೆ ಯಾವ ನೀರನ್ನೂ ಎಂದೂ ಹಚ್ಚಿಕೊಂಡವಳಲ್ಲ. ಹುಡುಗಿ ಪತ್ರಿಕೆಯ ಚೂರೊಂದನ್ನು ಹರಿದು, ಆ ತಣ್ಣನೆಯ ಹಣೆಗೆ ಒತ್ತಿ, ಬಾಗಿಲ ಬೆಳಕಿಗೆ ಹಿಡಿದಳು.

"ಒಣ ಮುಖ ಕಣಕ್ಕ," ಎಂದಳು ನನಗೆ. "ಇಷ್ಟು ವರ್ಸ ಯಾರೂ ಒತ್ತಿ ನೋಡಿರ್ನಿಲ್ಲ."

ಪನ್ನೀರಿನ ಸೀಸೆ ತೆಗೆದು, ಬಟ್ಟೆ ಅದ್ದಿ, ಒರೆಸತೊಡಗಿದಳು. ಕುಳಿಗಳಲ್ಲಿ ನೀರು ನಿಂತಿತು. ಅದನ್ನು ಒರೆಸಿಕೊಳ್ಳಲು ಸೆರಗು ಏಳಲಿಲ್ಲ.