ಕುರಿಮರಿಗೆ ಹಾಲು ಕುಡಿಸಿದ ಕಳ್ಳ

ಮಧುಗಿರಿಯಲ್ಲಿ ರವಿಕೆ ಹೊಲಿದು ನಾನು ಕೂಡಿಟ್ಟ ದುಡ್ಡಿಗೆ ಒಂದೇ ಗುರಿಯಿತ್ತು. ಬಟ್ಟೆಯ ಅಂಚಿನ ದಾರ ಬಿಚ್ಚದಂತೆ ಹೊಲಿಯುವ ಇಂಟರ್‌ಲಾಕ್ ಮಷಿನ್ ಕೊಳ್ಳಬೇಕು. ಆ ಕೆಲಸಕ್ಕೆಂದು ಬಟ್ಟೆ ಹೊತ್ತುಕೊಂಡು ಇನ್ನೊಬ್ಬರ ಅಂಗಡಿಗೆ ಹೋಗಿ ಕಾದು ಕಾದು ನನಗೆ ಸಾಕಾಗಿಹೋಗಿತ್ತು. ಇನ್ನೇನು ಮಷಿನ್ ತಂದೇ ಬಿಡೋಣ ಎಂದು ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದರೆ, ಮೂರು ತಿಂಗಳಿಂದ ಪ್ರತಿ ಐದನೇ ತಾರೀಕು ಖಾತೆಯಿಂದ ದುಡ್ಡು ಹೋಗಿದೆ. ನಾನು ಹೆಸರೇ ಕೇಳದ ಯಾವುದೋ ಕಂಪನಿಗೆ. ಎಲ್ಲ ಸೇರಿ ನಾಲ್ಕು ಸಾವಿರದ ಮೇಲೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಗೆ ಬಂದು ಹಾರಾಡಿದೆ. ನನ್ನ ಯಜಮಾನರು ಟೀ ಹೀರುತ್ತಾ, "ನೀನೇ ಏನೋ ತರಿಸ್ಕೊಂಡು ಮರ್ತಿರ್ತೀಯ ಕಣೇ" ಎಂದರು. ಯುಗಾದಿಯ ದಿನ ಅವರ ಮುಂದೆಯೇ ಶಪಥ ಮಾಡಿ, ಶಾಪಿಂಗ್ ಆ್ಯಪನ್ನು ಫೋನಿನಿಂದ ಕಿತ್ತುಹಾಕಿದ್ದವಳು ನಾನು. ಅವರ ಜೊತೆ ಮಾತು ಬಿಟ್ಟು ಮಿಡಿಗೇಶಿಗೆ ಫೋನು ಹಚ್ಚಿದೆ. ಅಲ್ಲಿ ನನ್ನಮ್ಮ ಇಪ್ಪತ್ತು ಕುರಿ ಕಟ್ಟಿಕೊಂಡು ರಾಣಿಯ ಹಾಗೆ ಇದ್ದಾಳೆ. ಅವಳು ಮಾತ್ರ ನನ್ನ ಕಡೆ ನಿಂತಳು.

"ಅದ್ಯಾವನವ್ವ ನನ್ನ ಮಗಳ ದುಡ್ಡಿಗೆ ಕೈ ಹಾಕ್ದೋನು? ಅವನ ಕೈ ಸೇದೋಗ. ಬುಡಬ್ಯಾಡ, ಪೊಲೀಸ್ನೋರಿಗೆ ಹಿಡ್ಕೊಡು."

ಮಾರನೆಯ ದಿನ ಬ್ಯಾಂಕಿನಲ್ಲಿ ದೂರಿನ ಅರ್ಜಿ ಬರೆಯಲು ಕುಳಿತೆ. ಅಲ್ಲಿದ್ದ ಹಿರಿಯ ಅಧಿಕಾರಿ ಸ್ಟೇಟ್‌ಮೆಂಟಿನ ಮೇಲೆ ಬೆರಳಿಟ್ಟು ತಾಳ್ಮೆಯಿಂದ ಹೇಳಿದರು: "ಶಾಪಿಂಗ್ ಆ್ಯಪ್‌ನಲ್ಲಿ ಈಗ ತಗೊಂಡು ತಿಂಗಳಾದ್ಮೇಲೆ ಕಟ್ಟೋದು ಅಂತ ಇರುತ್ತಮ್ಮ. ಅದಕ್ಕೆ ಸಾಲ ಕೊಡೋ ಕಂಪನಿ ಹೆಸರು ಇದು. ನೀವು ಯಾವಾಗ್ಲೋ ಒಪ್ಪಿಗೆ ಕೊಟ್ಟಿದ್ದೀರ. ದೂರು ಕೊಟ್ರೆ ಸಾಮಾನು ಹೋದ ವಿಳಾಸಕ್ಕೇ ಪೊಲೀಸ್ನೋರು ಹೋಗ್ತಾರೆ. ಅದಕ್ಕೂ ಮೊದ್ಲು ಏನೇನು ಆರ್ಡರ್ ಆಗಿದೆ ಒಂದ್ಸಲ ನೋಡ್ಬುಡಿ."

ಶಪಥ ಮುರಿದು ಆ್ಯಪನ್ನು ಮತ್ತೆ ಹಾಕಿಕೊಂಡೆ. ಪಟ್ಟಿ ತೆರೆಯಿತು. ಕುರಿಮರಿಗೆ ಹಾಲು ಕುಡಿಸುವ ಬಾಟಲಿ, ಎರಡು. ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಮೂರು. ಮಂಡಿನೋವಿನ ಪಟ್ಟಿ, ನಾಲ್ಕು ಜೊತೆ. ಸೊಳ್ಳೆಪರದೆ, ಅದೂ ಗುಲಾಬಿ ಬಣ್ಣದ್ದು. ಅಧಿಕಾರಿ ಕನ್ನಡಕ ಏರಿಸಿಕೊಂಡು ಇಣುಕಿದರು. "ಕಳ್ಳ ಒಳ್ಳೆ ಸಂಸಾರಸ್ಥ ಇದ್ದಂಗವ್ನೆ" ಎಂದರು. ವಿಳಾಸ ನೋಡಿದೆ. ಮಿಡಿಗೇಶಿ, ನಮ್ಮಮ್ಮನ ಮನೆ.

ಅರ್ಧ ಬರೆದ ಅರ್ಜಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿ ಮಿಡಿಗೇಶಿ ಬಸ್ಸು ಹತ್ತಿದೆ.

ಅಮ್ಮ ಜಗಲಿಯ ಮೇಲೆ ಕುಳಿತು ತಬ್ಬಲಿ ಮರಿಯೊಂದಕ್ಕೆ ಅದೇ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡವಳೇ, "ಕಳ್ಳ ಸಿಕ್ಕಿದ್ನಾ?" ಎಂದಳು.

"ಸಿಕ್ಕಿದ. ನೀನೇ ಕಣಮ್ಮ."

ಅಮ್ಮ ಒಂದು ಗಳಿಗೆ ತನ್ನ ಕೈ ನೋಡಿಕೊಂಡಳು. "ಅಯ್ಯೋ, ನಂಗೆ ನಾನೇ ಶಾಪ ಹಾಕ್ಕೊಂಬುಟ್ನಾ" ಎಂದು ನಗಲು ಶುರುಮಾಡಿದವಳು, ಮರಿ ಬಾಟಲಿ ಬಿಟ್ಟು ಓಡಿಹೋದರೂ ನಿಲ್ಲಿಸಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ.

ವಿಷಯ ಇಷ್ಟೇ. ದೀಪಾವಳಿಗೆ ನನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟಿದ್ದೆ. ಯುಗಾದಿಗೆ ನಾನು ಕಿತ್ತುಹಾಕಿದ್ದು ಹೊಸ ಫೋನಿನ ಆ್ಯಪು; ಹಳೆಯದರಲ್ಲಿ ಅದು ನನ್ನ ಹೆಸರಿನಲ್ಲೇ ಉಳಿದಿತ್ತು. ಪಕ್ಕದ ಮನೆಯ ಹುಡುಗಿ ವಿಳಾಸ ಹಾಕಿಕೊಟ್ಟು, ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಕೇಳಬಹುದೆಂದು ತೋರಿಸಿದ್ದಳು. ಆಮೇಲೆ ಬೀದಿಯ ಹೆಂಗಸರೆಲ್ಲ ಬಂದು ಅಮ್ಮನ ಬಳಿ ಬೇಕಾದ್ದು ಹೇಳತೊಡಗಿದ್ದರು.

"ಪುಕ್ಕಟೆ ಬತ್ತದೆ ಅಂದ್ಕೊಂಡಿದ್ಯೇನಮ್ಮ?" ಎಂದೆ.

ಅಮ್ಮನ ನಗು ನಿಂತಿತು. "ನಿನ್ನ ಲೆಕ್ಕಕ್ಕೆ ಬರ್ಕೋತಾರೆ ಅಂತ ಆ ಹುಡ್ಗಿ ಅವತ್ತೇ ಹೇಳಿದ್ಲು. ಅದಕ್ಕೇ ತಿಂಗ್ಳು ತಿಂಗ್ಳು ಬಸ್ನಾಗೆ ಕಳಿಸ್ತಿದ್ನಲ್ಲ. ಯಾರ ಋಣಾನೂ ಇಟ್ಕೊಂಡೋಳಲ್ಲ ನಾನು."

ಆಗ ನನಗೆ ಹೊಳೆಯಿತು. ಮೂರು ತಿಂಗಳಿಂದ ಬಸ್ಸಿನಲ್ಲಿ ನನಗೆ ಚೀಲದ ಮೇಲೆ ಚೀಲ ಬರುತ್ತಿತ್ತು: ಕಡಲೆಕಾಯಿ, ಹುರುಳಿ, ಹುಣಸೆಹಣ್ಣು. ಅಮ್ಮನ ಪ್ರೀತಿ ಉಕ್ಕಿದೆ ಎಂದುಕೊಂಡು ಅರ್ಧವನ್ನು ಅಕ್ಕಪಕ್ಕದವರಿಗೆ ಹಂಚಿ ಜಂಬ ಕೊಚ್ಚಿಕೊಂಡಿದ್ದೆ. ನಮ್ಮದು ಕುರಿ ಮೇಯಿಸುವ ಮನೆತನ. ಬೇರೆಯವರ ಹೊಲದಲ್ಲಿ ಮಂದೆ ನಿಲ್ಲಿಸಿದರೆ, ಬಿದ್ದ ಗೊಬ್ಬರಕ್ಕೆ ಹೊಲದವರು ಕಾಳು ಅಳೆದು ಕೊಡುತ್ತಾರೆ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಕೊಡದೆ ಯಾರೂ ಇರುವುದಿಲ್ಲ. ಟಾರ್ಚು ತರಿಸಿಕೊಂಡವರು ಅಮ್ಮನಿಗೆ ಕಾಳು ಕೊಟ್ಟಿದ್ದರು, ಅಮ್ಮ ಅದನ್ನು ಹಾಗೆಯೇ ನನಗೆ ದಾಟಿಸಿದ್ದಳು. ಮಷಿನ್ನಿನ ದುಡ್ಡನ್ನು ಹುರಿದು, ಹುಳಿ ಮಾಡಿ ತಿಂದವಳು ನಾನೇ.

"ಹೋಗ್ಲಿ ಬುಡಮ್ಮ" ಎಂದೆ. "ಮಷಿನ್ ಮುಂದಿನ ವರ್ಷ ತಗೊಂಡ್ರಾಯ್ತು."

"ಯಾವ ಮಷಿನ್ನು?"

ಹೇಳಿದೆ. ಅಮ್ಮ ಒಳಗೆ ಹೋಗಿ ಫೋನು ತಂದಳು. ಮೈಕು ಒತ್ತಿ, ಆಚೆ ದಡದಲ್ಲಿರುವವರನ್ನು ಕೂಗುವಂತೆ, "ಬಟ್ಟೆ ಅಂಚು ಹೊಲಿಯೋ ಮಷಿನ್ನು" ಎಂದಳು. ಬೆಲೆ ಓದಿ ಹೇಳಿದೆ. "ಜಾಸ್ತಿ ಆಯ್ತು, ಕಮ್ಮಿ ಮಾಡು" ಎಂದು ಫೋನಿಗೇ ಹೇಳಿದಳು. ಅದು ಕಮ್ಮಿ ಮಾಡಲಿಲ್ಲ.

ಸೊಂಟದ ಚೀಲ ಬಿಚ್ಚಿ, ಮೊನ್ನೆ ಟಗರು ಮಾರಿದ ದುಡ್ಡನ್ನು ನನ್ನ ಮಡಿಲಿಗೆ ಹಾಕಿದಳು. ನಾನು ಬೇಡವೆಂದೆ. ಅವಳು ಬಿಡಲಿಲ್ಲ. ಆಗಲಿ, ಮುಂದಿನ ತಿಂಗಳಿಂದ ಸ್ವಲ್ಪ ಸ್ವಲ್ಪ ತೀರಿಸುತ್ತೇನೆ ಎಂದೆ.

ಒಂದು ಸೇರು ಹುರುಳಿಯ ಬಾಕಿಯನ್ನೂ ಮರೆಯದ ನನ್ನಮ್ಮ ನನ್ನ ಮುಷ್ಟಿಯನ್ನು ಮುಚ್ಚಿ ಹಿಡಿದುಕೊಂಡಳು. "ಇದಕ್ಕೆ ನೀನೇನೂ ತಿರುಗಿ ಕೊಡಂಗಿಲ್ಲ ಕಣಮ್ಮ" ಎಂದಳು.